ಬೆಳಗ್ಗೆ ಲಾಗಿನ್ ಆಗೋಕೆ ಒಂಬತ್ತು ನಿಮಿಷ: ರೋಮಿಂಗ್ ಪ್ರೊಫೈಲ್ ಇಟ್ಟುಕೊಳ್ಳೋದಾ, ಕಿತ್ತುಹಾಕೋದಾ?

1. ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ, ಲೆಕ್ಕಪತ್ರ ನೋಡುವವನು. ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಬಿಡಿಸಿಕೊಟ್ಟ ತಪ್ಪಿಗೆ ಆಫೀಸಿನ ಇಡೀ ನೆಟ್‌ವರ್ಕ್ ನನ್ನ ಕೊರಳಿಗೆ ಬಿದ್ದಿದೆ.

ನಾವು ಹದಿನಾಲ್ಕು ಜನ. ಹನ್ನೊಂದು ಪಿಸಿ, ಮೂರು ಲ್ಯಾಪ್‌ಟಾಪ್, ಮೂಲೆಯಲ್ಲಿ ಒಂದು ಸರ್ವರ್. ವಿಂಡೋಸ್ ಸರ್ವರ್ 2019. ಎಲ್ಲರ ಖಾತೆ, ಪಾಸ್‌ವರ್ಡ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ರೂ ಅದೇ, ಫೈಲ್ ಸರ್ವರ್ರೂ ಅದೇ. ಹಿಂದೆ ನೋಡಿಕೊಳ್ಳುತ್ತಿದ್ದವರು ಎಲ್ಲರಿಗೂ ರೋಮಿಂಗ್ ಪ್ರೊಫೈಲ್ ಹಾಕಿಕೊಟ್ಟು ಹೋದರು. ಯಾರು ಯಾವ ಪಿಸಿ ಮುಂದೆ ಕೂತರೂ ಅವರವರ ಡೆಸ್ಕ್‌ಟಾಪ್ ಬರುತ್ತೆ ಅಂತ. ಬರುತ್ತೆ, ಸುಳ್ಳಲ್ಲ. ಆದರೆ ಬೆಳಗ್ಗೆ ಪಾಸ್‌ವರ್ಡ್ ಒತ್ತಿದ ಮೇಲೆ ಆ ಚುಕ್ಕಿಗಳು ಸುತ್ತುತ್ತಾನೇ ಇರುತ್ತವೆ. ನಿನ್ನೆ ಗಡಿಯಾರ ಇಟ್ಟು ನೋಡಿದೆ, ಒಬ್ಬರಿಗೆ ಒಂಬತ್ತು ನಿಮಿಷ. ಸಂಜೆ ಲಾಗ್ ಆಫ್ ಆಗೋದೂ ಅಷ್ಟೇ ನಿಧಾನ, ಹಾಗಾಗಿ ಅರ್ಧ ಜನ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ ಎದ್ದು ಹೋಗ್ತಾರೆ.

ಇದರ ಮೇಲೆ ಇನ್ನೊಂದು. ಹೋದ ವಾರ ನಮ್ಮ ಸಹೋದ್ಯೋಗಿಯೊಬ್ಬರಿಗೆ ಖಾಲಿ ಡೆಸ್ಕ್‌ಟಾಪ್ ಬಂತು. ಬಲಗಡೆ ಮೂಲೆಯಲ್ಲಿ ಏನೋ ಸಂದೇಶ ಬಂದು ಮಾಯವಾಯಿತಂತೆ. ಅವರು ತಲೆ ಕೆಡಿಸಿಕೊಳ್ಳದೆ ಇಡೀ ದಿನ ಕೆಲಸ ಮಾಡಿ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಸೇವ್ ಮಾಡಿದ್ದಾರೆ. ಮರುದಿನ ನೋಡಿದರೆ ಒಂದೂ ಇಲ್ಲ.

ಆರು ಜನಕ್ಕೆ ಮನೆಯಿಂದಲೂ ಕೆಲಸ ಮಾಡಬೇಕು. ಸದ್ಯ ರೂಟರ್‌ನಲ್ಲಿ ಮೂರು ಪೋರ್ಟ್ ತೆರೆದು, 3389, 3390, 3391, ಮೂರು ಪಿಸಿಗಳಿಗೆ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಹೊರಗಿಂದ ಆ ಪಿಸಿಯ ಪರದೆ ತೆರೆದು ಕೆಲಸ ಮಾಡುವ ವ್ಯವಸ್ಥೆ, ಕೊಟ್ಟಿದ್ದಾರೆ. ಇನ್ನು ಮೂವರಿಗೂ ಹಾಗೇ ಕೊಡಲೇ?

2. ನೀಲಿಪರದೆ

ಸರ್, ಪ್ರೊಫೈಲ್ ವಿಷಯ ಆಮೇಲೆ ಮಾತಾಡೋಣ. ಮೊದಲು ಎದ್ದು ಹೋಗಿ ರೂಟರ್‌ನಲ್ಲಿ ಆ ಮೂರೂ ಪೋರ್ಟ್ ಮುಚ್ಚಿ ಬನ್ನಿ. ಇಂಟರ್ನೆಟ್‌ಗೆ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಅಂದರೆ ರಸ್ತೆಗೆ ತೆರೆದ ಬಾಗಿಲು. 3389 ಬದಲು 3390 ಅಂತ ಮಾಡಿದ್ರೆ ಬಚಾವ್ ಅಂದ್ಕೋಬೇಡಿ, ಹುಡುಕೋ ಯಂತ್ರಗಳು ಎಲ್ಲಾ ಪೋರ್ಟನ್ನೂ ತಟ್ಟಿ ನೋಡ್ತವೆ.

ನಂಬಿಕೆ ಬರಲಿಲ್ಲ ಅಂದ್ರೆ ಆ ಪಿಸಿಗಳಲ್ಲಿ ಒಂದರ ಮುಂದೆ ಕೂತು ಈವೆಂಟ್ ವ್ಯೂವರ್ ತೆಗೆದು, ಸೆಕ್ಯುರಿಟಿ ಲಾಗ್‌ನಲ್ಲಿ 4625 ಅನ್ನೋ ಸಂಖ್ಯೆ ಮಾತ್ರ ಫಿಲ್ಟರ್ ಮಾಡಿ. ಅದು ವಿಫಲ ಲಾಗಿನ್. ಎಷ್ಟಿವೆ, ಯಾವ ಹೆಸರಲ್ಲಿವೆ ಹೇಳಿ.

3. ಹಳೇತಂತಿ

ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ. ಆಮೇಲೆ ನನಗೆ ಮೂರು ವಿಷಯ ಬೇಕು. ಒಂಬತ್ತು ನಿಮಿಷ ಆಗುವವರ ಪ್ರೊಫೈಲ್ ಫೋಲ್ಡರ್ ಸರ್ವರ್‌ನಲ್ಲಿ ಎಷ್ಟು ದೊಡ್ಡದಿದೆ? ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಎಲ್ಲ ಪಿಸಿಗಳಿಗೂ ಸರ್ವರ್‌ನಿಂದಲೇ ಹಾಕುವ ನಿಯಮಗಳಲ್ಲಿ, ಲಾಗ್ ಆಫ್ ಆದಾಗ ರೋಮಿಂಗ್ ಪ್ರೊಫೈಲ್‌ನ ಸ್ಥಳೀಯ ಪ್ರತಿಯನ್ನು ಅಳಿಸು ಎನ್ನುವ ನಿಯಮ ಹಾಕಿದ್ದಾರಾ? ಆ ಪಿಸಿಯ ನೆಟ್‌ವರ್ಕ್ ಕಾರ್ಡ್ ಸ್ಟೇಟಸ್‌ನಲ್ಲಿ ವೇಗ ಎಷ್ಟು ಅಂತ ತೋರಿಸುತ್ತೆ, ಒಂದು ಗಿಗಾಬಿಟ್ಟಾ, ನೂರು ಮೆಗಾಬಿಟ್ಟಾ?

ಉತ್ತರ ಕೊಡುವ ಮುಂಚೆ ಸರ್ವರ್‌ಗೆ ರ‍್ಯಾಮ್ ಹಾಕಿಸಿ, ಎಸ್‌ಎಸ್‌ಡಿ ಹಾಕಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

4. ಲೆಕ್ಕಿಗ

ಪೋರ್ಟ್ ಮುಚ್ಚಿದೆ. ಲಾಗ್ ನೋಡಿ ಕೈಕಾಲು ತಣ್ಣಗಾಯಿತು. ಪುಟ ಇಳಿಸಿದಷ್ಟೂ 4625, ಸೆಕೆಂಡಿಗೊಂದು ಎರಡು. ‘ಅಡ್ಮಿನ್’, ‘ಟೆಸ್ಟ್’, ‘ಸ್ಕ್ಯಾನರ್’, ‘ಯೂಸರ್1’ ಹೀಗೆ ನಮ್ಮಲ್ಲಿ ಇಲ್ಲದ ಹೆಸರುಗಳೇ ಹೆಚ್ಚು. ಪೋರ್ಟ್ ಮುಚ್ಚಿದ ನಿಮಿಷದಿಂದ ಒಂದೂ ಇಲ್ಲ. ಇಷ್ಟು ದಿನ ಇದನ್ನು ಕಟ್ಟಿಕೊಂಡು ಕೂತಿದ್ದೆವು.

ಹಳೇತಂತಿ ಸರ್, ಆ ಪ್ರೊಫೈಲ್ 6 ಜಿಬಿ. ಡೆಸ್ಕ್‌ಟಾಪ್ ಮೇಲೆ ‘ತಾತ್ಕಾಲಿಕ’ ಅನ್ನೋ ಫೋಲ್ಡರ್‌ನಲ್ಲಿ ಬರೀ ವಿಡಿಯೋ, ಡೌನ್‌ಲೋಡ್ಸ್‌ನಲ್ಲಿ ಇನ್ನಷ್ಟು. ಅಳಿಸುವ ನಿಯಮ ಹಾಕಿದ್ದಾರೆ, ಹೌದು. ವೇಗ 100 ಮೆಗಾಬಿಟ್. ಸರ್ವರ್‌ನಲ್ಲಿ ನೋಡಿದರೆ ಗಿಗಾಬಿಟ್ ಅಂತಿದೆ, ತಂತಿ ಹಿಡಿದುಕೊಂಡು ಹೋದರೆ ಮಧ್ಯೆ ಮೇಜಿನ ಕೆಳಗೆ ಕಾಲಿಗೆ ಸಿಗುವ ಹಾಗೆ ಎಂಟು ಪೋರ್ಟಿನ ಹಳೇ ಸ್ವಿಚ್ಚೊಂದು ಕೂತಿದೆ.

5. ಹಳೇತಂತಿ

ಹಾಗಾದರೆ ನಿಮ್ಮ ಒಂಬತ್ತು ನಿಮಿಷದ ಲೆಕ್ಕ ಸಿಕ್ಕಿತು. ನೂರು ಮೆಗಾಬಿಟ್ ಅಂದರೆ ಸೆಕೆಂಡಿಗೆ ಸುಮಾರು 11 ಎಂಬಿ. ಆರು ಸಾವಿರ ಎಂಬಿಯನ್ನು ಹನ್ನೊಂದರಿಂದ ಭಾಗಿಸಿ, 545 ಸೆಕೆಂಡು. ಲೆಕ್ಕಪತ್ರದವರಿಗೆ ನಾನು ಭಾಗಾಕಾರ ಹೇಳಿಕೊಡಬೇಕಾ!

ರೋಮಿಂಗ್ ಪ್ರೊಫೈಲ್ ಕೆಲಸ ಮಾಡುವ ರೀತಿ ಹೀಗೆ. ಲಾಗಿನ್ ಆದಾಗ ಸರ್ವರ್‌ನಿಂದ ಪಿಸಿಗೆ ಪ್ರತಿ ಇಳಿಯುತ್ತೆ, ಲಾಗ್ ಆಫ್ ಆದಾಗ ಬದಲಾದದ್ದು ವಾಪಸ್ ಏರುತ್ತೆ. ಪಿಸಿಯಲ್ಲಿ ಹಳೇ ಪ್ರತಿ ಉಳಿದಿದ್ದರೆ ವ್ಯತ್ಯಾಸ ಮಾತ್ರ ಓಡಾಡುತ್ತೆ, ಸಹಿಸಿಕೊಳ್ಳಬಹುದು. ಅಳಿಸುವ ನಿಯಮ ಹಾಕಿದ್ದರಿಂದ ನಿಮ್ಮಲ್ಲಿ ದಿನಾ ಬೆಳಗ್ಗೆ ಆರೂ ಜಿಬಿ ಹೊಸದಾಗಿ ಇಳಿಯುತ್ತಿದೆ, ಅದೂ ಉಳಿದವರ ಪ್ರೊಫೈಲ್ ಇಳಿಯುವ ಹೊತ್ತಿಗೇ. ಇನ್ನು ಪವರ್ ಬಟನ್ ಒತ್ತಿ ಎದ್ದು ಹೋಗುವವರ ಬದಲಾವಣೆ ಸರ್ವರ್‌ಗೆ ಏರುವುದೇ ಇಲ್ಲ. ಮರುದಿನ ಬೇರೆ ಪಿಸಿಯಲ್ಲಿ ಕೂತು ‘ನನ್ನ ಫೈಲು ಮೊನ್ನೆಯದೇ ಇದೆ’ ಅಂತಾರೆ. ಎರಡು ಪಿಸಿಯಲ್ಲಿ ಒಂದೇ ಖಾತೆ ತೆರೆದಿದ್ದರಂತೂ ಕೊನೆಗೆ ಲಾಗ್ ಆಫ್ ಆದವರ ಸೆಟ್ಟಿಂಗೇ ಗೆಲ್ಲುತ್ತೆ.

ಇಷ್ಟೆಲ್ಲಾ ಕಷ್ಟಪಟ್ಟು ಸಿಗುವುದಾದರೂ ಏನು ನೋಡಿ. ಬಳಕೆದಾರರ ರಿಜಿಸ್ಟ್ರಿ (ಅವರ ಸೆಟ್ಟಿಂಗುಗಳ ದಾಖಲೆ), ಅಂದರೆ ಎನ್‌ಟಿಯೂಸರ್ ಡ್ಯಾಟ್ ಫೈಲು, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗ್ ಇಡುವ ಆ್ಯಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರ್. ಅದೇ ಆ್ಯಪ್‌ಡೇಟಾ ಒಳಗಿನ ಲೋಕಲ್ ಫೋಲ್ಡರ್ ಪ್ರಯಾಣ ಮಾಡುವುದೇ ಇಲ್ಲ. ಕ್ರೋಮ್ ತನ್ನ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲವನ್ನೂ ಇಡುವುದು ಲೋಕಲ್‌ನಲ್ಲಿ. ಔಟ್‌ಲುಕ್ ತನ್ನ ಮೇಲುಗಳ ಪ್ರತಿ ಇಡುವ ಓಎಸ್‌ಟಿ ಫೈಲೂ ಅಲ್ಲೇ. ಜನಕ್ಕೆ ‘ನನ್ನ ಡೆಸ್ಕ್‌ಟಾಪ್’ ಅಂದರೆ ಇವತ್ತು ಬ್ರೌಸರ್ರು, ಮೇಲು, ನಾಲ್ಕು ಫೋಲ್ಡರು. ಅದರಲ್ಲಿ ಮೊದಲೆರಡನ್ನು ರೋಮಿಂಗ್ ಪ್ರೊಫೈಲ್ ಹೊರುವುದಿಲ್ಲ, ಮೂರನೆಯದನ್ನು ಹೊರಲಾರದೆ ಏದುಸಿರು ಬಿಡುತ್ತೆ.

ಹಾಗಾಗಿ ನನ್ನ ಅಭಿಪ್ರಾಯ: ಕಿತ್ತುಹಾಕಿ. ಫೈಲುಗಳಿಗೆ ಫೋಲ್ಡರ್ ರಿಡೈರೆಕ್ಷನ್ ಹಾಕಿ, ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡು ಸಾಕು. ಆಗ ಫೈಲು ಇರುವುದೇ ಸರ್ವರ್‌ನಲ್ಲಿ. ಲಾಗಿನ್ ಹೊತ್ತಿಗೆ ಏನೂ ಇಳಿಯುವುದಿಲ್ಲ, ತೆರೆದಾಗ ಆ ಫೈಲು ಮಾತ್ರ ಬರುತ್ತೆ. ಪ್ರೊಫೈಲ್‌ನ ಉಳಿದ ಭಾಗ ಆಯಾ ಪಿಸಿಯಲ್ಲೇ ಇರಲಿ.

ಕಿತ್ತುಹಾಕುವ ಕ್ರಮದಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಖಾತೆಯಲ್ಲಿರುವ ಪ್ರೊಫೈಲ್ ಪಾತ್ ಮೊದಲು ತೆಗೆದುಬಿಡಬೇಡಿ. ಅಳಿಸುವ ನಿಯಮ ಇನ್ನೂ ಜಾರಿಯಲ್ಲಿದ್ದರೆ ಪಿಸಿಯಲ್ಲಿ ಪ್ರತಿ ಉಳಿದಿರುವುದಿಲ್ಲ, ಸರ್ವರ್‌ನಲ್ಲಿ ಹುಡುಕು ಅಂತ ಹೇಳುವ ಪಾತ್ ಕೂಡ ಇಲ್ಲ. ಮರುದಿನ ಹದಿನಾಲ್ಕು ಜನಕ್ಕೂ ಬೋಳು ಡೆಸ್ಕ್‌ಟಾಪ್. ಮೊದಲು ಆ ನಿಯಮ ತೆಗೆಯಿರಿ. ಎಲ್ಲರೂ ತಮ್ಮ ತಮ್ಮ ಪಿಸಿಯಲ್ಲಿ ಒಮ್ಮೆ ಪೂರ್ತಿ ಲಾಗಿನ್ ಆಗಿ ಸರಿಯಾಗಿ ಲಾಗ್ ಆಫ್ ಆಗಲಿ. ಪ್ರತಿ ಉಳಿದಿದೆ ಅಂತ ಕಣ್ಣಾರೆ ನೋಡಿ. ಆಮೇಲೆ ರಿಡೈರೆಕ್ಷನ್, ಅದು ನೆಟ್ಟಗಾದ ಮೇಲೆ ಪ್ರೊಫೈಲ್ ಪಾತ್. ಒಂದು ಪಿಸಿಯಲ್ಲಿ ಮಾತ್ರ ಪರೀಕ್ಷೆ ಮಾಡಬೇಕು ಅಂದರೆ ‘ಸ್ಥಳೀಯ ಪ್ರೊಫೈಲ್ ಮಾತ್ರ’ ಅನ್ನೋ ಕಂಪ್ಯೂಟರ್ ಪಾಲಿಸಿ ಇದೆ, ಅದನ್ನು ಆ ಪಿಸಿಗೆ ಹಾಕಿ.

ಆ ಸ್ವಿಚ್ಚನ್ನು ಇವತ್ತೇ ಬದಲಿಸಿ.

6. ಮೂರನೇಮಹಡಿ

ಹಳೇತಂತಿಯವರು ಹೇಳಿದ್ದು ಖರೇ ಐತ್ರಿ. ರಿಡೈರೆಕ್ಷನ್ ಬಗ್ಗೆ ನಂದೊಂದೆರಡು ಮಾತು ಕೇಳ್ರಿ, ಯಾಕಂದ್ರ ಇದ್ರಾಗ ನಾ ಭಾಳ ಪೆಟ್ಟು ತಿಂದೇನಿ.

ಸೆಟ್ಟಿಂಗ್ ಒಳಗ ‘ಬಳಕೆದಾರರಿಗಷ್ಟ ಪೂರ್ತಿ ಹಕ್ಕು ಕೊಡು’ ಅಂತ ಒಂದು ಟಿಕ್ ತಾನಾಗೇ ಬಿದ್ದಿರ್ತೈತಿ. ಅದನ್ನ ತಗೀರಿ. ಇಲ್ಲಂದ್ರ ನಾಳೆ ಅವರು ಕೆಲಸ ಬಿಟ್ಟು ಹೋದ್ರ ಅವರ ಫೋಲ್ಡರ್ ಅಡ್ಮಿನ್‌ಗೂ ತಗ್ಯಾಕ ಬರೂದಿಲ್ಲ. ಓನರ್‌ಶಿಪ್ ಕಸಗೊಂಡು ಒಂದೊಂದ ಫೋಲ್ಡರ್ ಬಿಡಸ್ಕೋಂತ ಕುಂದ್ರಬೇಕು. ಬ್ಯಾಕಪ್ ಸಾಫ್ಟ್‌ವೇರ್ ಕೂಡ ಕೆಲವೊಮ್ಮೆ ಒಳಗ ಹೋಗೂದಿಲ್ಲ, ಹಂಗ ಬಿಟ್ಟು ಮುಂದ ಹೋಗ್ತೈತಿ. ಅದು ಗೊತ್ತಾಗೂದು ಫೈಲ್ ಬೇಕಾದ ದಿನಾನ.

ಇನ್ನೊಂದು ಆಫ್‌ಲೈನ್ ಫೈಲ್ಸ್. ರಿಡೈರೆಕ್ಟ್ ಮಾಡಿದ ಫೋಲ್ಡರ್ ವಿಂಡೋಸ್ ತಾನಾಗೇ ಪಿಸಿಯೊಳಗೂ ಒಂದು ಪ್ರತಿ ಮಾಡಿ ಇಟ್ಕೋತೈತಿ, ಸರ್ವರ್ ಸಿಗದಿದ್ರೂ ತಗ್ಯಾಕ ಬರಲಿ ಅಂತ. ಲ್ಯಾಪ್‌ಟಾಪಿಗೆ ಅದು ಬೇಕು. ಕುಂತಲ್ಲೇ ಕುಂತಿರೂ ಪಿಸಿಗೆ ಯಾಕ್ ಬೇಕ್ರಿ? ನಮ್ಮಲ್ಲಿ ಒಮ್ಮೆ ಸಿಂಕ್ ಜಗಳಾಡಿ ಒಂದ ಎಕ್ಸೆಲ್ ಫೈಲಿನ ಮೂರು ಪ್ರತಿ ಆದ್ವು, ಯಾವುದು ಖರೆ ಅಂತ ಹುಡುಕೂದ್ರಾಗ ಅರ್ಧ ದಿನ ಹೋತು. ಪಿಸಿಗಳಿಗೆ ಪಾಲಿಸಿ ಹಾಕಿ ಅದನ್ನ ಬಂದ್ ಮಾಡ್ರಿ, ಲ್ಯಾಪ್‌ಟಾಪಿಗೆ ಇರಲಿ.

ಆ್ಯಪ್‌ಡೇಟಾ ಮಾತ್ರ ರಿಡೈರೆಕ್ಟ್ ಮಾಡಬ್ಯಾಡ್ರಿ. ಯಾರಾದ್ರೂ ಮಾಡು ಅಂದ್ರೂ ಬ್ಯಾಡ. ಪ್ರೋಗ್ರಾಮುಗಳು ಅಲ್ಲಿ ಸೆಕೆಂಡಿಗೊಮ್ಮೆ ಕೈ ಹಾಕ್ತಿರ್ತಾವು, ಸರ್ವರ್ ಒಂದ ಸಲ ಉಸಿರು ಹಿಡಿದ್ರ ಹದಿನಾಲ್ಕೂ ಮಂದಿದು ಕೈ ನಿಂತು ಹೋಗ್ತೈತಿ.

ಮತ್ತ ಆ 6 ಜಿಬಿ ವಿಡಿಯೋ ಸಾಹೇಬ್ರಿಗೆ ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್ ಒಳಗ ಕೋಟಾ, ಅಂದ್ರ ಜಾಗದ ಮಿತಿ, ಹಾಕ್ರಿ. ಮೊದಲ ಎಚ್ಚರಿಕೆ ಅಷ್ಟ ಕೊಡೂ ಹಂಗ ಇಡ್ರಿ. ಒಮ್ಮಿಗೇ ತಡದ್ರ ಸೇವ್ ಆಗ್ವಲ್ದು ಅಂತ ನಿಮ್ಮ ಟೇಬಲ್ಲಿಗೇ ಬಂದು ನಿಂದರ್ತಾರ.

7. ಬೀಗದಕೈ

ಖಾಲಿ ಡೆಸ್ಕ್‌ಟಾಪ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ನಿಮ್ಮ ಸಹೋದ್ಯೋಗಿಗೆ ಬಂದದ್ದು ತಾತ್ಕಾಲಿಕ ಪ್ರೊಫೈಲ್. ನಿಜವಾದ ಪ್ರೊಫೈಲ್ ತೆರೆಯಲಾಗದಿದ್ದಾಗ ವಿಂಡೋಸ್ ‘ಟೆಂಪ್’ ಹೆಸರಿನ ಫೋಲ್ಡರ್ ಮಾಡಿ ಅದರಲ್ಲಿ ಕೂರಿಸುತ್ತದೆ. ಲಾಗ್ ಆಫ್ ಆದ ಕೂಡಲೇ ಆ ಫೋಲ್ಡರನ್ನು ಅಳಿಸಿಬಿಡುತ್ತದೆ. ಹೇಳಲು ಬೇಸರ, ಆದರೆ ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ ಆ ಫೈಲುಗಳು ಮರಳಿ ಸಿಗುವ ಆಸೆ ತೀರಾ ಕಡಿಮೆ.

ಅಪ್ಲಿಕೇಶನ್ ಲಾಗ್‌ನಲ್ಲಿ ಆ ದಿನ 1511 ಅಥವಾ 1515 ಇರಬೇಕು, ನೋಡಿ. ಕಾರಣ ಹಲವು: ಡಿಸ್ಕ್ ತುಂಬಿರುವುದು, ಆ್ಯಂಟಿವೈರಸ್ ರಿಜಿಸ್ಟ್ರಿ ಫೈಲನ್ನು ಹಿಡಿದುಕೊಂಡಿರುವುದು, ಅರ್ಧಕ್ಕೆ ಆಫ್ ಮಾಡಿದ್ದರಿಂದ ಫೈಲು ಕೆಟ್ಟಿರುವುದು. ಆದರೆ ನನ್ನ ಅನುಭವದಲ್ಲಿ ಹೆಚ್ಚು ಸಲ ಕಂಡದ್ದು ಬೇರೆ. ಜಾಗ ಖಾಲಿ ಮಾಡಲು ಯಾರೋ ಯೂಸರ್ಸ್ ಫೋಲ್ಡರ್ ಒಳಗೆ ಹೋಗಿ ಒಬ್ಬರ ಫೋಲ್ಡರನ್ನು ಕೈಯಿಂದ ಡಿಲೀಟ್ ಮಾಡಿರುತ್ತಾರೆ. ಫೋಲ್ಡರ್ ಹೋಯಿತು, ರಿಜಿಸ್ಟ್ರಿಯ ಪ್ರೊಫೈಲ್‌ಲಿಸ್ಟ್‌ನಲ್ಲಿ ಅವರ ದಾಖಲೆ ಹಾಗೇ ಉಳಿಯಿತು. ಮುಂದಿನ ಸಲ ಲಾಗಿನ್ ಆದಾಗ ವಿಂಡೋಸ್ ಆ ದಾಖಲೆ ನಂಬಿ ಫೋಲ್ಡರ್ ಹುಡುಕುತ್ತದೆ, ಸಿಗುವುದಿಲ್ಲ, ಟೆಂಪ್‌ನಲ್ಲಿ ಕೂರಿಸುತ್ತದೆ.

ಪ್ರೊಫೈಲ್‌ಲಿಸ್ಟ್ ತೆಗೆದು ನೋಡಿದರೆ ಎಸ್-1-5-21 ಅಂತ ಶುರುವಾಗುವ ಉದ್ದನೆ ಕೀಗಳಿರುತ್ತವೆ, ಒಬ್ಬೊಬ್ಬ ಬಳಕೆದಾರರಿಗೆ ಒಂದು. ಅವುಗಳಲ್ಲಿ ಒಂದರ ಬಾಲಕ್ಕೆ ‘ಬ್ಯಾಕ್’ ಅಂತ, ಬಿ-ಎ-ಕೆ ಮೂರಕ್ಷರ, ಅಂಟಿಕೊಂಡಿದ್ದರೆ ಅದೇ ಕೆಟ್ಟ ದಾಖಲೆ. ಒಳಗೆ ಪ್ರೊಫೈಲ್ ಇಮೇಜ್ ಪಾತ್ ನೋಡಿದರೆ ಯಾರದು ಅಂತ ತಿಳಿಯುತ್ತದೆ. ಫೋಲ್ಡರ್ ನಿಜಕ್ಕೂ ಇಲ್ಲವಾಗಿದ್ದರೆ ರಿಜಿಸ್ಟ್ರಿಯ ಪ್ರತಿ ಇಟ್ಟುಕೊಂಡು ಆ ಕೀ ಅಳಿಸಿ, ಮುಂದಿನ ಲಾಗಿನ್‌ಗೆ ಸರಿಹೋಗುತ್ತದೆ. ಫೋಲ್ಡರ್ ಇದ್ದರೆ ಅಳಿಸಬೇಡಿ, ಬಾಲ ತೆಗೆದು ಹೆಸರು ಸರಿಪಡಿಸಿ.

ಇನ್ನು ಮುಂದೆ ಪ್ರೊಫೈಲ್ ಅಳಿಸುವುದಿದ್ದರೆ ಸಿಸ್ಟಮ್ ಪ್ರಾಪರ್ಟೀಸ್ ಒಳಗಿನ ಯೂಸರ್ ಪ್ರೊಫೈಲ್ಸ್ ಪಟ್ಟಿಯಿಂದಲೇ ಅಳಿಸಿ, ಅದು ಎರಡನ್ನೂ ತೆಗೆಯುತ್ತದೆ. ಜೊತೆಗೆ, ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಯಾರನ್ನೂ ಒಳಗೆ ಬಿಡಬೇಡ ಎನ್ನುವ ಪಾಲಿಸಿ ಇದೆ. ಅದನ್ನು ಹಾಕಿಬಿಡಿ. ಲಾಗಿನ್ ಆಗದಿದ್ದರೆ ಬೈಯುತ್ತಾರೆ, ಬೈಯಲಿ. ಒಂದು ದಿನದ ಕೆಲಸ ಆವಿಯಾಗುವುದಕ್ಕಿಂತ ಬೈಸಿಕೊಳ್ಳುವುದು ಲೇಸು.

8. ಲೆಕ್ಕಿಗ

ಬೀಗದಕೈಯವರೇ, ಸಿಕ್ಕಿತು. 1511 ಇದೆ. ಯೂಸರ್ಸ್ ಫೋಲ್ಡರಿನಲ್ಲಿ ‘ಜಾಗ ಖಾಲಿ ಮಾಡಿದ್ದು’ ಯಾರು ಅಂತಲೂ ಗೊತ್ತಾಯಿತು. ನಾನೇ. ಡಿಸ್ಕ್ ಕೆಂಪಗಾಗಿತ್ತು, ಹಿಂದಿನ ಶನಿವಾರ ಅಳಿಸಿದ್ದೆ. ಅವರಿಗೆ ಇನ್ನೂ ಹೇಳಿಲ್ಲ.

ಇನ್ನೊಂದು ಗೊಂದಲ. ಸರ್ವರ್‌ನಲ್ಲಿ ಒಬ್ಬರದೇ ಎರಡು ಪ್ರೊಫೈಲ್ ಫೋಲ್ಡರ್ ಇದೆ. ಒಂದರ ಹೆಸರಿನ ಕೊನೆಗೆ ವಿ2, ಇನ್ನೊಂದಕ್ಕೆ ವಿ6. ಯಾವುದು ನಿಜವಾದದ್ದು?

9. ಬೀಗದಕೈ

ಎರಡೂ ನಿಜ. ವಿ2 ಅಂದರೆ ವಿಂಡೋಸ್ 7 ಕಾಲದ್ದು, ವಿ6 ಅಂದರೆ ವಿಂಡೋಸ್ 10ರ 1607 ಆವೃತ್ತಿಯಿಂದ ಈಚೆಗಿನದು. ಪ್ರೊಫೈಲ್‌ನ ಒಳರಚನೆ ಬದಲಾದಾಗ ಒಂದಕ್ಕೊಂದು ಕೆಡಿಸದಿರಲಿ ಅಂತ ಬೇರೆ ಬೇರೆ ಇಡುತ್ತದೆ. ಅಂದರೆ ನಿಮ್ಮಲ್ಲಿ ಎಲ್ಲೋ ಒಂದು ವಿಂಡೋಸ್ 7 ಪಿಸಿ ಇನ್ನೂ ಉಸಿರಾಡುತ್ತಿರಬಹುದು. ಅದಕ್ಕೆ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಯಾವುದೋ ಹಳೇ ಯಂತ್ರಕ್ಕಾಗಿ ಇಟ್ಟುಕೊಂಡಿದ್ದರೆ ನೆಟ್‌ವರ್ಕ್‌ನಿಂದ ಕಳಚಿಡಿ.

ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಹೇಳಿಬಿಡಿ ಸರ್.

10. ಹೊಸಹುರುಪು

ರಿಮೋಟ್‌ಗೆ ಇಷ್ಟೆಲ್ಲಾ ತಲೆನೋವು ಯಾಕೆ ಗುರು? ಒಂದು ಒಳ್ಳೇ ಪಿಸಿ ತಗೊಳ್ಳಿ, ವಿಂಡೋಸ್ ಪ್ರೋ ಹಾಕಿ. ಒಂದೇ ಪಿಸಿಗೆ ಆರು ಜನ ಒಟ್ಟಿಗೆ ಲಾಗಿನ್ ಆಗೋ ಹಾಗೆ ಮಾಡೋ ಟೂಲ್ ಸಿಗತ್ತೆ. ನಾನು ಒಂದು ವರ್ಷ ಓಡಿಸಿದೀನಿ, ಸೂಪರ್ ಆಗಿ ಕೆಲಸ ಮಾಡತ್ತೆ.

11. ನೀಲಿಪರದೆ

ಒಂದು ವರ್ಷ ಓಡಿಸಿದಿರಿ, ಆಮೇಲೆ ಏನಾಯ್ತು ಅದನ್ನೂ ಹೇಳಿ ಮತ್ತೆ.

12. ಹೊಸಹುರುಪು

ಒಂದು ಅಪ್‌ಡೇಟ್ ಬಂದು ನಿಂತೋಯ್ತು. ಎರಡು ದಿನ ಯಾರಿಗೂ ಕನೆಕ್ಟ್ ಆಗ್ಲಿಲ್ಲ. ಒಪ್ಕೋತೀನಿ.

13. ನೀಲಿಪರದೆ

ಅಷ್ಟೇ. ವಿಂಡೋಸ್ ಪ್ರೋಗೆ ಒಂದು ಹೊತ್ತಿಗೆ ಒಬ್ಬರೇ. ಹೊರಗಿಂದ ಒಬ್ಬರು ಬಂದರೆ ಮುಂದೆ ಕೂತವರ ಪರದೆ ಲಾಕ್ ಆಗುತ್ತೆ. ಅದನ್ನ ಮೀರೋ ಟೂಲ್ ಲೈಸೆನ್ಸ್‌ಗೂ ವಿರುದ್ಧ, ವಿಂಡೋಸ್ ತನ್ನ ಒಳಗಿನ ಡಿಎಲ್‌ಎಲ್ ಫೈಲು ಬದಲಿಸಿದ ದಿನ ಕೈಕೊಡೋದೂ ಗ್ಯಾರಂಟಿ. ಅದನ್ನ ಉಳಿಸ್ಕೊಳ್ಳೋಕೆ ಅಂತ ಅಪ್‌ಡೇಟ್ ನಿಲ್ಲಿಸೋರೂ ಇದಾರೆ. 2019ರಲ್ಲಿ ಬ್ಲೂಕೀಪ್ ಬಂತಲ್ಲ, ಪಾಸ್‌ವರ್ಡೇ ಬೇಡದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ನುಗ್ಗೋ ದೋಷ. ಮೈಕ್ರೋಸಾಫ್ಟ್ ಆಗ ಎಂದೋ ಕೈಬಿಟ್ಟ ಎಕ್ಸ್‌ಪಿಗೂ ಪ್ಯಾಚ್ ಕೊಟ್ಟಿತ್ತು, ಅಷ್ಟು ಗಂಭೀರ. ಅಪ್‌ಡೇಟ್ ನಿಲ್ಲಿಸಿ ಪೋರ್ಟ್ ತೆರೆದಿಟ್ಟವರ ಕಥೆ ಊಹಿಸ್ಕೊಳ್ಳಿ.

ಲೆಕ್ಕಿಗ ಸರ್, ನಿಮಗೆ ಬೇಕಿರೋದು ವಿಪಿಎನ್, ಅಂದ್ರೆ ಮನೆಯಿಂದ ಆಫೀಸಿನ ನೆಟ್‌ವರ್ಕ್ ಒಳಗೆ ಬರೋ ಬೀಗ ಹಾಕಿದ ಸುರಂಗ. ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿ. ನಿಮ್ಮ ರೂಟರ್‌ನಲ್ಲೇ ಇರಬಹುದು, ಇಲ್ಲ ಅಂದ್ರೆ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ ಸಾಕು. ತೆರೆಯೋದು ಒಂದೇ ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದೆ ಬಾಗಿಲು ತಟ್ಟಿದೋರಿಗೆ ಅದು ಉತ್ತರವನ್ನೇ ಕೊಡಲ್ಲ, ಹಾಗಾಗಿ ಅಲ್ಲೊಂದು ಬಾಗಿಲಿದೆ ಅಂತಲೇ ತಿಳಿಯಲ್ಲ. ಪ್ರತಿಯೊಬ್ಬರಿಗೂ ಬೇರೆ ಕೀ ಮಾಡಿ. ಒಬ್ಬರು ಕೆಲಸ ಬಿಟ್ಟರೆ ಅವರದೊಂದನ್ನ ತೆಗೆದರಾಯ್ತು.

ಪಾಸ್‌ವರ್ಡ್ ಹತ್ತು ಸಲ ತಪ್ಪಿದರೆ ಖಾತೆ ಲಾಕ್ ಆಗೋ ಪಾಲಿಸಿ ಕೂಡ ಹಾಕಿ. ಪೋರ್ಟ್ ತೆರೆದಿದ್ದಾಗ ಇದನ್ನ ಹಾಕಿದ್ರೆ ಕಳ್ಳರು ತಟ್ಟಿ ತಟ್ಟಿ ನಿಮ್ಮ ಜನರ ಖಾತೆಗಳೇ ಲಾಕ್ ಆಗ್ತಿದ್ವು. ಈಗ ಆ ಭಯ ಇಲ್ಲ.

14. ಹಳೇತಂತಿ

ವಿಪಿಎನ್ ಸರಿ. ಒಳಗೆ ಬಂದಮೇಲೆ ಎಲ್ಲಿಗೆ ಹೋಗಬೇಕು ಅನ್ನೋದು ಮುಂದಿನ ಪ್ರಶ್ನೆ. ನನ್ನ ಒಲವು ಸೆಷನ್ ಹೋಸ್ಟ್ ಕಡೆ, ಅಂದರೆ ಹಲವರು ಒಟ್ಟಿಗೆ ಲಾಗಿನ್ ಆಗಬಹುದಾದ ಸರ್ವರ್. ಸರ್ವರ್ ಮೇಲೆ, ಒಂದೇ ಪೆಟ್ಟಿಗೆಯಲ್ಲಿ ಹಲವು ವರ್ಚುವಲ್ ಯಂತ್ರ ಓಡಿಸುವ ಹೈಪರ್-ವಿ ಹಾಕಿ. ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಎರಡು ವರ್ಚುವಲ್ ಯಂತ್ರಕ್ಕೆ ಹಕ್ಕಿದೆ. ಒಂದು ಡೊಮೇನ್ ಕಂಟ್ರೋಲರ್, ಇನ್ನೊಂದು ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್. ಲೆಕ್ಕಪತ್ರದ ಸಾಫ್ಟ್‌ವೇರ್ ಒಂದೇ ಕಡೆ ಇನ್‌ಸ್ಟಾಲ್, ಒಂದೇ ಕಡೆ ಅಪ್‌ಡೇಟ್. ಪ್ರೊಫೈಲ್‌ಗಳನ್ನು ಎಫ್‌ಎಸ್‌ಲಾಜಿಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಇಡಿ. ಲಾಗಿನ್ ಆದಾಗ ಒಬ್ಬೊಬ್ಬರ ಪ್ರೊಫೈಲ್ ಒಂದೊಂದು ವಿಎಚ್‌ಡಿಎಕ್ಸ್ ಡಿಸ್ಕ್ ಆಗಿ ಅಂಟಿಕೊಳ್ಳುತ್ತೆ. ಪ್ರತಿ ಮಾಡುವುದು ಇಳಿಸುವುದು ಏನೂ ಇಲ್ಲ, ಕ್ರೋಮ್, ಔಟ್‌ಲುಕ್ ಎಲ್ಲಾ ಅದರೊಳಗೇ. ಮೈಕ್ರೋಸಾಫ್ಟ್ 2018ರಲ್ಲಿ ಅದನ್ನು ಕೊಂಡುಕೊಂಡಿತು, ಆರ್‌ಡಿಎಸ್ ಕ್ಯಾಲ್, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಬಳಸುವ ಲೈಸೆನ್ಸ್, ಇದ್ದವರು ಬೇರೆ ಹಣ ಕೊಡಬೇಕಿಲ್ಲ. ರೋಮಿಂಗ್ ಪ್ರೊಫೈಲ್ ಕೊಡ್ತೀನಿ ಅಂತ ಹೇಳಿ ಕೊಡದೆ ಹೋದದ್ದನ್ನು ಇದು ಕೊಡುತ್ತೆ. ಆ್ಯಂಟಿವೈರಸ್‌ನಲ್ಲಿ ಆ ಡಿಸ್ಕ್ ಫೈಲುಗಳಿಗೆ ವಿನಾಯಿತಿ ಹಾಕಿ, ಮರೆತರೆ ಮತ್ತೆ ತಾತ್ಕಾಲಿಕ ಪ್ರೊಫೈಲ್ ರಾಮಾಯಣ.

15. ಮೂರನೇಮಹಡಿ

ಹಳೇತಂತಿಯವರ, ಸಿಟ್ಟಾಗಬ್ಯಾಡ್ರಿ. ಆರು ಮಂದಿಗೆ ಇಷ್ಟು ದೊಡ್ಡ ಮಂಟಪ ಯಾಕ? ಆ ಆರೂ ಮಂದಿಗೆ ಆಫೀಸಿನ್ಯಾಗ ಸ್ವಂತ ಪಿಸಿ ಐತಿ. ಮನ್ಯಾಗಿದ್ದಾಗ ಅದು ಖಾಲಿ ಕುಂತಿರ್ತೈತಿ. ವಿಪಿಎನ್ ಹಾಕ್ಕೊಂಡು ತಮ್ಮ ಪಿಸಿಗೇ ಬರಲಿ. ಅದ ಡೆಸ್ಕ್‌ಟಾಪ್, ಅದ ಪ್ರೊಫೈಲ್, ಅದ ಬ್ರೌಸರ್. ಹೊಸದು ಏನೂ ಕಲೀಬೇಕಾಗಿಲ್ಲ.

ಸೆಷನ್ ಹೋಸ್ಟ್ ಅಂದ್ರ ಸರ್ವರ್ ಕ್ಯಾಲ್ ಬ್ಯಾರೆ, ಆರ್‌ಡಿಎಸ್ ಕ್ಯಾಲ್ ಬ್ಯಾರೆ. ಎರಡೂ ಬೇಕು. ಲೈಸೆನ್ಸ್ ಹಾಕದ ಶುರು ಮಾಡಿದ್ರ 120 ದಿನ ಸುಮ್ಮನ ನಡೀತೈತಿ, ಎಲ್ಲಾರೂ ಮರೀತಾರ, 121ನೇ ದಿನ ಬೆಳಿಗ್ಗೆ ಬಾಗಿಲು ಬಂದ್. ಲೆಕ್ಕದ ವರ್ಷಾಂತ್ಯದಾಗ ಬಂದ್ರಂತೂ ಮುಗೀತು.

ಪಿಸಿ ಹಾದಿ ಹಿಡಿದ್ರ ಮೂರು ಕೆಲಸ ಮಾಡ್ರಿ. ಪಿಸಿ ನಿದ್ದಿ ಹೋಗದಂಗ ಪವರ್ ಸೆಟ್ಟಿಂಗ್ ಬದಲಿಸ್ರಿ. ಬಯೋಸ್ ಒಳಗ ಕರೆಂಟ್ ಹೋಗಿ ಬಂದ್ರ ತಾನಾಗೇ ಆನ್ ಆಗೂದನ್ನ ಹಚ್ರಿ. ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿನ್ಯಾಗ ಆ ಪಿಸಿಯವರ ಹೆಸರೊಂದ ಹಾಕ್ರಿ, ಡೊಮೇನ್ ಯೂಸರ್ಸ್ ಅಂತ ಇಡೀ ಗುಂಪು ತುರುಕಬ್ಯಾಡ್ರಿ.

ಹಾಂ, ಪಿಸಿಯೊಳಗ ಇರೂದು ಹೋಮ್ ಆವೃತ್ತಿ ಅಲ್ಲ ಅಂತ ನೋಡ್ಕೋರಿ. ಹೋಮ್‌ಗೆ ಹೊರಗಿಂದ ಯಾರೂ ರಿಮೋಟ್ ಡೆಸ್ಕ್‌ಟಾಪ್ ಹಿಡ್ಕೊಂಡು ಬರಾಕ ಆಗೂದಿಲ್ಲ. ಡೊಮೇನಿಗೆ ಸೇರ್ಯಾವು ಅಂದಮ್ಯಾಲೆ ಪಿಸಿಗಳು ಪ್ರೋ ಇರಬೇಕು.

16. ಹಳೇತಂತಿ

ಸಿಟ್ಟೇನಿಲ್ಲ. ಎಲ್ಲರಿಗೂ ಸ್ವಂತ ಪಿಸಿ ಇದೆ ಅನ್ನೋದನ್ನ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆರಕ್ಕೆ ಆರು ಇದ್ದರೆ ನಿಮ್ಮ ದಾರಿಯೇ ಸುಲಭ. ಪಿಸಿ ಇಲ್ಲದವರು ಇನ್ನೂ ನಾಲ್ಕೈದು ಜನ ಸೇರಿಕೊಂಡರೆ ನನ್ನ ಮಾತಿಗೆ ಬನ್ನಿ. ಆಗಲೂ ಡೊಮೇನ್ ಕಂಟ್ರೋಲರ್ ಮೇಲೇ ಸೆಷನ್ ಹೋಸ್ಟ್ ಹಾಕಬೇಡಿ, ಎಲ್ಲರನ್ನೂ ಖಜಾನೆ ಕೋಣೆಯಲ್ಲಿ ಕೂರಿಸಿ ಕೆಲಸ ಮಾಡಿಸಿದ ಹಾಗೆ ಆಗುತ್ತೆ.

17. ಲೆಕ್ಕಿಗ

ಮೂರು ವಾರ ಆಯಿತು, ಏನೇನಾಯಿತು ಬರೆಯುತ್ತೇನೆ.

ಸ್ವಿಚ್ ಬದಲಿಸಿದ ದಿನವೇ ಒಂಬತ್ತು ನಿಮಿಷ ಎರಡಕ್ಕೆ ಇಳಿಯಿತು. ಅಳಿಸುವ ನಿಯಮ ತೆಗೆದು, ಎಲ್ಲರೂ ಒಮ್ಮೆ ಲಾಗ್ ಆಫ್ ಆಗುವವರೆಗೆ ನಾನೇ ಪ್ರತಿ ಟೇಬಲ್ ಹತ್ತಿರ ನಿಂತೆ. ಪವರ್ ಬಟನ್‌ಗೆ ಕೈ ಹೋಗುತ್ತಿದ್ದ ಇಬ್ಬರನ್ನು ತಡೆದೆ. ರಿಡೈರೆಕ್ಷನ್ ಮೊದಲ ಲಾಗಿನ್ ನಿಧಾನವಾಯಿತು, ಫೈಲೆಲ್ಲಾ ಸರ್ವರ್‌ಗೆ ಸಾಗಬೇಕಲ್ಲ. ಈಗ ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ಬರುತ್ತೆ. ಹಂಚಿದ ಡ್ರೈವ್‌ಗೆ ದಿನಕ್ಕೆರಡು ಸಲ ಶ್ಯಾಡೋ ಕಾಪಿ (ಫೈಲುಗಳ ಆ ಹೊತ್ತಿನ ಪ್ರತಿ) ಹಾಕಿದೆ, ಅದು ಬ್ಯಾಕಪ್ ಅಲ್ಲ ಅಂತ ಗೊತ್ತು, ಬ್ಯಾಕಪ್ ಬೇರೆ ಡಿಸ್ಕ್‌ಗೆ ರಾತ್ರಿ ಹೋಗುತ್ತೆ. ಎರಡನೇ ವಾರವೇ ಒಬ್ಬರು ತಪ್ಪಿ ಅಳಿಸಿದ ಫೈಲನ್ನು ಹಿಂದಿನ ಆವೃತ್ತಿಯಿಂದ ಮೂರು ಕ್ಲಿಕ್‌ನಲ್ಲಿ ತೆಗೆದುಕೊಟ್ಟೆ.

ವಿಪಿಎನ್ ಮಾತ್ರ ಎರಡು ದಿನ ಸತಾಯಿಸಿತು. ಐದು ಜನಕ್ಕೆ ಬರುತ್ತೆ, ಒಬ್ಬರಿಗೆ ಬರಲ್ಲ. ವೈರ್‌ಗಾರ್ಡ್ ಕನೆಕ್ಟ್ ಅಂತ ತೋರಿಸುತ್ತೆ, ಪಿಸಿ ಸಿಗಲ್ಲ. ಕೊನೆಗೆ ಅವರ ಮನೆಯ ರೂಟರ್ ನೋಡಿದರೆ ಅಲ್ಲೂ ವಿಳಾಸಗಳು 192.168.1 ಅಂತ ಶುರು, ಆಫೀಸಿನಲ್ಲೂ 192.168.1. ಆಫೀಸಿನ ಪಿಸಿಯನ್ನು ಅವರ ಲ್ಯಾಪ್‌ಟಾಪ್ ಮನೆಯೊಳಗೇ ಹುಡುಕುತ್ತಿತ್ತು! ಆಫೀಸಿನ ವಿಳಾಸಗಳನ್ನು ಬದಲಿಸುವುದು ಬಿಟ್ಟು ದಾರಿ ಇರಲಿಲ್ಲ. ಒಂದು ಭಾನುವಾರ ಕೂತು ಬದಲಿಸಿದೆ, ಸೋಮವಾರ ಪ್ರಿಂಟರ್ ಕೈಕೊಟ್ಟಿತು, ಅದರ ವಿಳಾಸ ಕೈಯಿಂದ ಹಾಕಿದ್ದು ಮರೆತಿದ್ದೆ.

ಈಗ ಎರಡು ಸಣ್ಣ ಕಿರಿಕಿರಿ. ಮನೆಯಿಂದ ಬರುವವರು ಕೆಲಸ ಮುಗಿದಮೇಲೆ ಮೇಲಿನ ಕ್ರಾಸ್ ಒತ್ತಿ ಹೋಗುತ್ತಾರೆ. ಅವರ ಲೆಕ್ಕದ ಫೈಲು ತೆರೆದೇ ಇರುತ್ತೆ, ಬೇರೆಯವರಿಗೆ ‘ಇನ್ನೊಬ್ಬರು ಬಳಸುತ್ತಿದ್ದಾರೆ’ ಅಂತ ಬರುತ್ತೆ. ಮತ್ತೆ ಒಬ್ಬರು ಹಾಕಿಕೊಂಡ ಫಾಂಟ್ ಪಕ್ಕದ ಪಿಸಿಯಲ್ಲಿ ಕಾಣಲ್ಲ ಅಂತಾರೆ.

18. ಬೀಗದಕೈ

ಫಾಂಟ್: ವಿಂಡೋಸ್ 10ರ 1809ರಿಂದ ಅಡ್ಮಿನ್ ಅಲ್ಲದವರು ಹಾಕಿದ ಫಾಂಟ್ ಅವರ ಆ್ಯಪ್‌ಡೇಟಾ ಲೋಕಲ್ ಒಳಗೆ ಹೋಗಿ ಕೂರುತ್ತದೆ. ಅಡ್ಮಿನ್ ಆಗಿ, ಎಲ್ಲ ಬಳಕೆದಾರರಿಗೂ ಎಂದು ಆರಿಸಿ ಪ್ರತಿ ಪಿಸಿಯಲ್ಲಿ ಹಾಕಿ.

ಕ್ರಾಸ್ ಒತ್ತಿದರೆ ಸಂಪರ್ಕ ಕಡಿಯುತ್ತದೆ ಅಷ್ಟೇ, ಸೆಷನ್ ಬದುಕಿರುತ್ತದೆ. ಕಡಿದುಹೋದ ಸೆಷನ್‌ಗೆ ಕಾಲಮಿತಿ ಹಾಕುವ ಪಾಲಿಸಿ ಇದೆ. ಆದರೆ ಅದು ಸೇವ್ ಮಾಡದ ಕೆಲಸವನ್ನೂ ಕೊಂದುಬಿಡುತ್ತದೆ, ಹದಿನೈದು ನಿಮಿಷ ಅಂತೆಲ್ಲ ಇಡಬೇಡಿ. ನೆಟ್ ಕಡಿದು ಮತ್ತೆ ಬರುವವರಿಗೆ ಅವಕಾಶ ಬೇಕು. ನಾನು ಮೂರು ಗಂಟೆ ಇಟ್ಟಿದ್ದೇನೆ.

19. ನೀಲಿಪರದೆ

4625 ಈಗ ಹೇಗಿದೆ ಸರ್?

20. ಲೆಕ್ಕಿಗ

ಈ ವಾರ ನಾಲ್ಕು. ನಾಲ್ಕೂ ನಂದೇ, ಹೊಸ ಪಾಸ್‌ವರ್ಡ್ ಉದ್ದ ಮಾಡಿಕೊಂಡಿದ್ದೇನೆ.

ಸರ್ವರ್‌ನಲ್ಲಿ ಹಳೇ ವಿ2, ವಿ6 ಫೋಲ್ಡರುಗಳು ಹಾಗೇ ಇವೆ, 40 ಜಿಬಿ ತಿನ್ನುತ್ತಿವೆ. ಅಳಿಸಲೇ?

21. ಹಳೇತಂತಿ

ನೀವು ಅಳಿಸುವ ವಿಷಯ ಎತ್ತಿದರೆ ಈಗ ನಮಗೆಲ್ಲ ಭಯ. ಹೆಸರು ಬದಲಿಸಿ, ಮೂರು ತಿಂಗಳು ಇಡಿ. ಯಾರೂ ಕೇಳದಿದ್ದರೆ ಆಮೇಲೆ ನೋಡೋಣ.

22. ಲೆಕ್ಕಿಗ

ಬದಲಿಸಿದೆ. ಆ ಶನಿವಾರದ ವಿಷಯ ಅವರಿಗೂ ಹೇಳಿದೆ. ಕಳೆದುಹೋದದ್ದನ್ನು ಇಬ್ಬರೂ ಕೂತು ಮತ್ತೆ ಟೈಪ್ ಮಾಡುತ್ತಿದ್ದೇವೆ, ಇನ್ನು ಹನ್ನೊಂದು ಪುಟ ಬಾಕಿ.